ಸೋದರಮಾವನ ಸಾಕ್ಷಿ

ಹಾಲ್ಕುರಿಕೆ
12 ಜೂನ್ 1978

ಚಿರಂಜೀವಿ ಗಂಗಾಧರನಿಗೆ ಅಕ್ಕ ಹೊಂಬಾಳಮ್ಮನ ಆಶೀರ್ವಾದ.

ಕ್ಷೇಮ ಎಂದು ಬರೆಯುವುದು ವಾಡಿಕೆ. ಸುಳ್ಳಿನಿಂದ ಕಾಗದ ಶುರು ಮಾಡಲು ಮನಸ್ಸಿಲ್ಲದೆ ನೇರ ವಿಷಯಕ್ಕೆ ಬರುತ್ತೇನೆ.

ಅಳಿಯ ತೋಂಟದಾರ್ಯ ಕಿಬ್ಬನಹಳ್ಳಿ ಕೈಮರದಲ್ಲಿ ಲಾರಿಗೆ ಸಿಕ್ಕಿ ತೀರಿಕೊಂಡು ಎರಡು ವರ್ಷವಾಗುತ್ತಾ ಬಂತು. ಅಂದಿನಿಂದ ಗೌರಿ ಮಗುವನ್ನು ಕರೆದುಕೊಂಡು ನನ್ನ ಹತ್ತಿರವೇ ಇದ್ದಾಳೆ. ಗಂಡನಿಲ್ಲದ ತಾಯಿ, ಗಂಡನಿಲ್ಲದ ಮಗಳು, ಒಂದೇ ಒಲೆ. ತೋಟ ನೋಡಿಕೊಳ್ಳುವುದು, ಅಟ್ಟದ ಕಾಯಿ ಇಳಿಸಿ ಸುಲಿಸಿ ಕೊಬ್ಬರಿಯನ್ನು ತಿಪಟೂರಿಗೆ ಸಾಗಿಸುವುದು ಎಲ್ಲ ನಾವೇ ಮಾಡುತ್ತೇವೆ. ಅದು ಕಷ್ಟವಲ್ಲ. ಕಷ್ಟ ಬಂದಿರುವುದು ತೋಂಟದಾರ್ಯನ ಅಪ್ಪ ದೊಡ್ಡಣ್ಣನಿಂದ.

ಹೋದ ಸೋಮವಾರ ಅವನು ತುರುವೇಕೆರೆಯಿಂದ ಬಂದು ಜಗಲಿಯ ಮೇಲೆ ಕೂತು ಮಾತು ತೆಗೆದ. ಹುಳಿಯಾರು ಕಡೆ ಬೋರಯ್ಯ ಎಂಬುವನಿದ್ದಾನಂತೆ. ಹೆಂಡತಿ ಸತ್ತಿದ್ದಾಳೆ, ಬೆಳೆದ ಗಂಡುಮಕ್ಕಳಿದ್ದಾರೆ. ಗೌರಿಗೆ ಸೀರೆ ಉಡಿಸಿ ಅವನ ಜೊತೆ ಉಡಿಕೆ ಮಾಡಿ ಕಳಿಸಿಬಿಡೋಣ ಎಂದ. ಗಂಡ ಸತ್ತವಳಿಗೆ ಹೀಗೆ ಮತ್ತೆ ಮದುವೆ ಮಾಡುವ ಉಡಿಕೆ ನಮ್ಮಲ್ಲಿ ಹೊಸದಲ್ಲ, ನಾನೂ ಅದಕ್ಕೆ ವಿರೋಧವಲ್ಲ. ಆದರೆ ಉಡಿಕೆಯಾದವಳು ಮೊದಲ ಗಂಡನ ಮಗುವನ್ನು ಅವನ ಮನೆಯಲ್ಲೇ ಬಿಟ್ಟು ಹೋಗಬೇಕು, ನಿನಗೂ ಗೊತ್ತು. "ಕೂಸು ನಮ್ದು ಕಣವ್ವ. ಅವಳು ಎಲ್ಲಿಗಾದ್ರೂ ಹೋಗ್ಲಿ ಬುಡು" ಎಂದು ದೊಡ್ಡಣ್ಣ ಸಲೀಸಾಗಿ ಹೇಳಿದ. ಲಾರಿಯ ವಿಮೆಯವರಿಂದ ಕೋರ್ಟು ಕೊಡಿಸುವ ಪರಿಹಾರದಲ್ಲಿ ಮಗುವಿನ ಪಾಲು ಯಾರ ಕೈ ಸೇರುತ್ತದೆ ಎನ್ನುವುದನ್ನು ಅವನು ಆಗಲೇ ಯೋಚಿಸಿಟ್ಟಿದ್ದಾನೆ. ಮಗು ಸಿದ್ದಿಗೆ ಇನ್ನೂ ಮೂರು ತುಂಬಿಲ್ಲ. ತಾಯಿಯ ಸೆರಗು ಹಿಡಿಯದೆ ನಿದ್ದೆ ಮಾಡುವುದಿಲ್ಲ. ಅದನ್ನು ಕಿತ್ತುಕೊಂಡರೆ ಗೌರಿ ಉಳಿಯುವುದಿಲ್ಲ ಗಂಗಾಧರ, ನಾನು ಅವಳನ್ನು ಹೆತ್ತವಳು, ನನಗೆ ಗೊತ್ತು.

ಕೋರ್ಟಿನ ಪರಿಹಾರ ಅವಳ ಹೆಸರಿನಲ್ಲಿ ಬಂದರೆ, ನನ್ನ ಅನ್ನ ನಾನು ಉಣ್ಣುತ್ತೇನೆ, ನನ್ನ ಮಗುವನ್ನು ನಾನು ಸಾಕುತ್ತೇನೆ ಎಂದು ಅವಳು ಊರ ಯಜಮಾನರ ಮುಂದೆ ನಿಂತು ಹೇಳಬಹುದು. ತಿಪಟೂರಿನ ವಕೀಲ ಶ್ರೀರಂಗಯ್ಯನವರು ಕೇಸು ನಡೆಸುತ್ತಿದ್ದಾರೆ. ತೋಂಟದಾರ್ಯ ಬದುಕಿದ್ದರೆ ಇನ್ನೆಷ್ಟು ಕಾಲ ದುಡಿಯುತ್ತಿದ್ದ ಎಂದು ಲೆಕ್ಕ ಹಾಕಿ ತುಮಕೂರು ಕೋರ್ಟಿನಲ್ಲಿ ಹೇಳುವ ತಜ್ಞರು ಬೇಕು, ಅಂಥವರು ದೇಶದಲ್ಲೇ ಕಡಿಮೆ ಎಂದರು. ನನ್ನ ತಮ್ಮ ಮುಂಬಯಿಯಲ್ಲಿ ಅದೇ ಕೆಲಸದಲ್ಲಿದ್ದಾನೆ ಎಂದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು.

ಬಾ. ನಿನ್ನನ್ನು ಎತ್ತಿ ಬೆಳೆಸಿದ ಕೈಯಿಂದ ಬರೆಯುತ್ತಿದ್ದೇನೆ. ಮೂವತ್ತೈದು ದಾಟುತ್ತಾ ಬಂದರೂ ಇನ್ನೂ ಒಬ್ಬನೇ ಅನ್ನ ಬೇಯಿಸಿಕೊಳ್ಳುತ್ತೀಯೋ, ಇಲ್ಲ ಮುಂಬಯಿಯಲ್ಲಿ ಗಾಳಿ ಕುಡಿದೇ ಬದುಕುತ್ತಾರೋ?

ನಿನ್ನ ಅಕ್ಕ


ಮುಂಬಯಿ
24 ಜೂನ್ 1978

ಅಕ್ಕನಿಗೆ ನಮಸ್ಕಾರ.

ಬರುತ್ತೇನೆ. ಮೊದಲು ಅದನ್ನು ಬರೆದುಬಿಡುತ್ತೇನೆ, ಉಳಿದದ್ದನ್ನು ನಿಧಾನವಾಗಿ ಓದು.

ಕೋರ್ಟಿನಲ್ಲಿ ನಾನು ಏನು ಹೇಳುತ್ತೇನೆ ಎಂದು ನಿನಗೂ ಗೊತ್ತಿರಲಿ. ಒಬ್ಬ ಮನುಷ್ಯ ಯಾವಾಗ ಸಾಯುತ್ತಾನೆ ಎಂದು ನನಗೆ ತಿಳಿಯದು. ಅವನ ವಯಸ್ಸಿನ ಲಕ್ಷ ಜನರಲ್ಲಿ ವರ್ಷ ವರ್ಷಕ್ಕೆ ಎಷ್ಟು ಮಂದಿ ಉಳಿಯುತ್ತಾರೆ ಎಂದು ನಮ್ಮ ಕೋಷ್ಟಕ ಹೇಳುತ್ತದೆ. ಅದನ್ನಿಟ್ಟುಕೊಂಡು, ತೋಂಟದಾರ್ಯ ಹೆಂಡತಿ ಮಗುವಿಗೆ ಇನ್ನೆಷ್ಟು ಕಾಲ ಆಸರೆಯಾಗಿರುತ್ತಿದ್ದ, ಅದರ ಬೆಲೆ ಈವತ್ತಿಗೆ ಎಷ್ಟು ಎಂದು ಹೇಳುವುದು ನನ್ನಂಥ ಆಕ್ಚುಯರಿಯ ಕೆಲಸ. ಇಷ್ಟು ದಿನ ಹೆಸರಿಲ್ಲದವರ ಲೆಕ್ಕ ಹಾಕಿದ್ದೇನೆ. ನನ್ನ ಕೈಯಿಂದ ಊಟ ಬಡಿಸಿಕೊಂಡವನ ಲೆಕ್ಕ ಇದೇ ಮೊದಲು.

ನಾನು ಗೌರಿಗೆ ಸೋದರಮಾವ ಎಂದು ವಿಮೆಯವರ ವಕೀಲ ಎತ್ತಿಯೇ ಎತ್ತುತ್ತಾನೆ. ಅದನ್ನು ಮೊದಲೇ ಹೇಳಿಬಿಡಿ ಎಂದು ಶ್ರೀರಂಗಯ್ಯನವರಿಗೆ ಬರೆದಿದ್ದೇನೆ. ಲೆಕ್ಕದಲ್ಲಿ ಇನ್ನೊಂದು ಭಾಗವೂ ಇದೆ. ಅದು ಗೌರಿಗೆ ಸಂಬಂಧಿಸಿದ್ದು, ಓದಿದರೆ ನೀನು ನೊಂದುಕೊಳ್ಳುತ್ತೀಯ. ಅದನ್ನೂ ವಕೀಲರಿಗೇ ಬರೆಯುತ್ತೇನೆ. ನೀನು ಅದರ ಗೋಜಿಗೆ ಹೋಗಬೇಡ.

ನನ್ನ ಊಟದ ಚಿಂತೆ ಬಿಡು, ಹೊತ್ತು ಹೊತ್ತಿಗೆ ಸರಿಯಾಗಿ ಆಗುತ್ತಿದೆ. ಕಾಗದಗಳನ್ನು ಎಂದಿನಂತೆ ಆಫೀಸಿನ ವಿಳಾಸಕ್ಕೇ ಹಾಕು.

ಗಂಗಾಧರ


ಹಾಲ್ಕುರಿಕೆ
3 ಸೆಪ್ಟೆಂಬರ್ 1978

ಚಿರಂಜೀವಿ ಗಂಗಾಧರನಿಗೆ ಆಶೀರ್ವಾದ.

ಒಂದು ಕೆಲಸ ಮಾಡಿದ್ದೇನೆ. ಸರಿಯೋ ತಪ್ಪೋ ನೀನೇ ಹೇಳು. ಸರಿ ಎಂದೇ ಹೇಳು.

ಮೊನ್ನೆ ದೊಡ್ಡಣ್ಣ ನಮ್ಮೂರ ಯಜಮಾನ ಕೆಂಪಯ್ಯನವರನ್ನೂ ಇನ್ನಿಬ್ಬರನ್ನೂ ಕರೆದುಕೊಂಡು ಬಂದ. ಕಂಕುಳಲ್ಲಿ ಸೀರೆಯ ಗಂಟು ಇತ್ತು. ಬೋರಯ್ಯನ ಕಡೆಯವರು ಕಿಬ್ಬನಹಳ್ಳಿಯಲ್ಲಿ ಕಾದಿದ್ದಾರಂತೆ, ಆವತ್ತೇ ಸಂಜೆ ಮುಗಿಸಬೇಕಂತೆ. ಕೋರ್ಟು ತೀರ್ಮಾನವಾಗಲಿ ಎಂದೆ. ಕೋರ್ಟಿಗೂ ಇದಕ್ಕೂ ಏನು ಸಂಬಂಧ, ವಯಸ್ಸಿನ ಹೆಣ್ಣನ್ನು ಎಷ್ಟು ದಿನ ಮನೆಯಲ್ಲಿ ಇಟ್ಟುಕೊಳ್ಳುತ್ತೀಯ ಎಂದರು. ಗೌರಿ ಒಳಗೆ ಮಗುವನ್ನು ಅವುಚಿಕೊಂಡು ಕೂತಿದ್ದಳು. ನನಗೆ ಅತ್ತ ದರಿ ಇತ್ತ ಪುಲಿ ಆಯಿತು. ಆಗ ಬಾಯಿಗೆ ಒಂದು ಮಾತು ಬಂತು.

"ಹೆಣ್ಣಿನ ಸೋದರಮಾವ ಇನ್ನೂ ಒಂಟಿಯಾಗವ್ನೆ. ಮೊದ್ಲು ಹಕ್ಕು ಅವಂದು. ಅವನು ಬ್ಯಾಡ ಅಂದ್ಮೇಲೆ ತಾನೇ ಬೇರೆಯವರ ಮಾತು?"

ಕೆಂಪಯ್ಯನವರು ತಲೆ ಆಡಿಸಿದರು. ಪದ್ಧತಿ ಪದ್ಧತಿಯೇ, ಅವರೂ ಅದನ್ನು ಮೀರುವಂತಿಲ್ಲ. ಸೋದರಮಾವನ ಜೊತೆ ಆದರೆ ಹೆಣ್ಣು ತವರಲ್ಲೇ ಉಳಿದಂತೆ, ಮಗುವನ್ನು ಬೇರ್ಪಡಿಸುವ ಮಾತು ಬರುವುದಿಲ್ಲ ಎಂದೂ ಅವರೇ ಹೇಳಿದರು. ಆದರೆ ದೊಡ್ಡಣ್ಣ ಬರೀ ಬಾಯಿಮಾತು ಒಪ್ಪಲಿಲ್ಲ. ಹಾಗಾಗಿ ಎಲ್ಲರ ಮುಂದೆ ನಿನ್ನ ಹೆಸರಿನಲ್ಲಿ ನಾನೇ ಸೆರಗೊಡ್ಡಿ ಮದುವೆ ಒಪ್ಪಂದದ ವೀಳ್ಯ ತೆಗೆದುಕೊಂಡೆ. ಸೀರೆಯ ಗಂಟು ಬಂದ ದಾರಿಗೆ ಹೋಯಿತು.

ಅವರನ್ನು ಕಳಿಸುವುದಕ್ಕೆ ಆಡಿದ ಮಾತು ಅಷ್ಟೆ ಎಂದುಕೋ. ಆದರೆ ಆಡಿದ್ದು ಸುಳ್ಳಾಗಲೇಬೇಕು ಎಂದೇನೂ ಇಲ್ಲವಲ್ಲ. ಗೌರಿಗೆ ಏನು ಕಡಿಮೆಯಾಗಿದೆ? ಯೋಚನೆ ಮಾಡು.

ನಿನ್ನ ಅಕ್ಕ


ಹಾಲ್ಕುರಿಕೆ
20 ಅಕ್ಟೋಬರ್ 1978

ಗಂಗಾಧರ,

ನನ್ನ ಕಾಗದ ತಲುಪಿತೋ ಇಲ್ಲವೋ. ದಸರಾ ಕಳೆಯಿತು, ನಿನ್ನಿಂದ ಒಂದು ಕಾರ್ಡೂ ಇಲ್ಲ. ಅಂಚೆಯವನು ನಮ್ಮ ಮನೆ ದಾಟಿ ಹೋಗುವಾಗ ಗೌರಿ ಬೇರೆ ಕಡೆ ನೋಡುತ್ತಾಳೆ. ಅವಳು ನನ್ನನ್ನು ಏನೂ ಕೇಳಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಮೈಯಲ್ಲಿ ಹುಷಾರಾಗಿದ್ದೀಯಾ?

ಅಕ್ಕ


ಮುಂಬಯಿ
9 ನವೆಂಬರ್ 1978

ಅಕ್ಕನಿಗೆ ನಮಸ್ಕಾರ.

ನಿನ್ನ ಎರಡೂ ಕಾಗದ ತಲುಪಿವೆ. ಬರೆದು ಬರೆದು ಹರಿದು ಹಾಕಿದ್ದರಿಂದ ತಡವಾಯಿತು.

ಅಂದು ನಿನಗೆ ಬರೆಯದೆ ಬಿಟ್ಟ ಭಾಗವನ್ನು ಈಗ ಬರೆಯುತ್ತೇನೆ. ಆಗಲೇ ಬರೆದಿದ್ದರೆ ನೀನು ಆ ವೀಳ್ಯ ಮುಟ್ಟುತ್ತಿರಲಿಲ್ಲ. ಗಂಡ ಸತ್ತವಳಿಗೆ ಪರಿಹಾರ ಕೊಡುವುದು ಅವನಿಂದ ಬರುತ್ತಿದ್ದ ಆಸರೆ ತಪ್ಪಿತು ಎಂದು. ಅವಳು ಇನ್ನೊಂದು ಮದುವೆಯಾದರೆ ಆಸರೆ ಮತ್ತೆ ಸಿಕ್ಕಿತು ಎಂದು ಅರ್ಥ. ಆದ್ದರಿಂದ ಮರುಮದುವೆಯ ಸಾಧ್ಯತೆ ಎಷ್ಟು ಎಂದು ಕೋರ್ಟು ತಜ್ಞನನ್ನು ಕೇಳುತ್ತದೆ, ಸಾಧ್ಯತೆ ಹೆಚ್ಚಿದಷ್ಟೂ ಪರಿಹಾರ ಕಡಿಮೆ. ಗೌರಿಗೆ ಮರುಮದುವೆಯ ಮನಸ್ಸಿಲ್ಲ, ಮಗುವಿಗಾಗಿ ಒಂಟಿಯಾಗಿ ಉಳಿಯುತ್ತಾಳೆ ಎಂಬ ಆಧಾರದ ಮೇಲೆ ನಾನು ಆ ಸಾಧ್ಯತೆಯನ್ನು ತೀರಾ ಕಡಿಮೆ ಹಿಡಿದು ಲೆಕ್ಕ ಕಳಿಸಿ ಆಗಿದೆ. ಈಗ ನೀನು ಊರ ಮುಂದೆ ಅವಳಿಗೆ ಗಂಡನನ್ನು ಗೊತ್ತು ಮಾಡಿದ್ದೀಯ. ಗಂಡನೂ ನಾನೇ, ಸಾಕ್ಷಿಯೂ ನಾನೇ.

ವಿಮೆಯವರ ಕಿವಿಗೆ ಇದು ಬಿದ್ದರೆ ಪರಿಹಾರ ಅರ್ಧಕ್ಕಿಳಿಯಬಹುದು, ಅದಕ್ಕಿಂತ ಕೆಳಗೂ ಹೋಗಬಹುದು. ನಿನ್ನ ಕಾಲಿಗೆ ಬೀಳುತ್ತೇನೆ, ಕೆಂಪಯ್ಯನವರ ಮನೆಗೆ ಹೋಗಿ ವೀಳ್ಯ ವಾಪಸು ಕೊಡು. ಬೇರೆ ಏನಾದರೂ ಹೇಳಿ ದೊಡ್ಡಣ್ಣನನ್ನು ತಡೆ.

ನೀನು ಯೋಚಿಸಿದ್ದು ಆಗದ ಮಾತು. ಯಾಕೆ ಎಂದು ಕೇಳಬೇಡ.

ಗಂಗಾಧರ


ಹಾಲ್ಕುರಿಕೆ
25 ನವೆಂಬರ್ 1978

ಗಂಗಾಧರನಿಗೆ,

ಯಾಕೆ ಎಂದು ಕೇಳಬೇಡ ಎಂದೆ. ಕೇಳುವುದಿಲ್ಲ, ನನಗೇ ಗೊತ್ತಾಯಿತು. ಮುಂಬಯಿಯಲ್ಲಿ ದೊಡ್ಡ ಕೆಲಸದಲ್ಲಿರುವವನು ಊರಿನ ವಿಧವೆಗೆ ಸೀರೆ ಉಡಿಸಿದ ಎಂದರೆ ಮರ್ಯಾದೆ ಏನಾಗಬೇಕು? ಅವಳು ಹುಟ್ಟಿದಾಗ ತೊಟ್ಟಿಲಿನ ಹತ್ತಿರ ನಿನ್ನನ್ನು ಕೂರಿಸಿ ಊರವರು ಹಾಸ್ಯ ಮಾಡಿದ್ದರು. ಆವತ್ತು ನೀನು ನಾಚಿಕೊಂಡು ಹಿತ್ತಿಲಿಗೆ ಓಡಿದ್ದೆ. ಈಗಲೂ ಓಡುತ್ತಿದ್ದೀಯ.

ವೀಳ್ಯ ವಾಪಸು ಕೊಡುವುದಕ್ಕೆ ಅದೇನು ಕೈಸಾಲವೇ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಾಪಸು ಕೊಟ್ಟ ದಿನವೇ ದೊಡ್ಡಣ್ಣ ಸೀರೆ ತರುತ್ತಾನೆ, ಮಗುವನ್ನು ಎತ್ತಿಕೊಂಡು ಹೋಗುತ್ತಾನೆ.

ಇನ್ನೊಂದು ವಿಷಯ ಬರೆಯಬೇಕು. ನಿನ್ನ ಕಾಗದ ಬರುವುದಕ್ಕೆ ವಾರದ ಮುಂಚೆ ಕಿಬ್ಬನಹಳ್ಳಿಯಲ್ಲಿ ಬಸ್ಸಿಗೆ ನಿಂತಿದ್ದಾಗ ಶುಭ್ರವಾಗಿ ಬಟ್ಟೆ ಹಾಕಿದ್ದ ಒಬ್ಬರು ಬಂದು ಮಾತಾಡಿಸಿದರು. ಮಗಳ ವಿಷಯ ಕೇಳಿ ಲೊಚಗುಟ್ಟಿದರು. ದೊಡ್ಡಣ್ಣನ ಕಡೆಯವನಿರಬೇಕು, ಪರೀಕ್ಷೆ ಮಾಡುತ್ತಿದ್ದಾನೆ ಎಂದುಕೊಂಡು ನಾನು ಗಟ್ಟಿಯಾಗಿ ಹೇಳಿದೆ. ನನ್ನ ತಮ್ಮ ಬರುತ್ತಾನೆ, ವೀಳ್ಯವಾಗಿದೆ, ನನ್ನ ಮಗಳು ಅನಾಥೆಯಲ್ಲ ಎಂದೆ. ಟೀ ಅಂಗಡಿಯವರೆಲ್ಲ ಕೇಳಿಸಿಕೊಂಡರು. ಅವರು ವಿಮೆಯವರ ವಕೀಲರ ಗುಮಾಸ್ತರು ಎಂದು ಶ್ರೀರಂಗಯ್ಯನವರು ನಿನ್ನೆ ಹೇಳಿದರು.

ನನ್ನ ಮಗಳ ಅನ್ನಕ್ಕೆ ನಾನೇ ಮಣ್ಣು ಹಾಕಿದೆನೇ? ಹೌದೋ ಅಲ್ಲವೋ ಒಂದು ಮಾತು ಬರೆ.

ಅಕ್ಕ


ಮುಂಬಯಿ
2 ಡಿಸೆಂಬರ್ 1978

ಅಕ್ಕನಿಗೆ,

ನಿನ್ನದಲ್ಲ ತಪ್ಪು. ನಾನು ಹೇಳದೆ ಉಳಿಸಿಕೊಂಡದ್ದು ನಿನ್ನ ಬಾಯಲ್ಲಿ ಹೀಗೆ ಬಂತು. ಮರ್ಯಾದೆಗೆ ಅಂಜಿದೆ ಎಂದು ಬರೆದಿದ್ದೀಯ. ಅಂಜಿದ್ದು ನಿಜ, ಆದರೆ ನೀನು ಅಂದುಕೊಂಡದ್ದಕ್ಕೆ ಅಲ್ಲ.

ಹದಿನಾಲ್ಕನೇ ತಾರೀಕು ನನ್ನ ಸಾಕ್ಷಿ. ನೀನು ಕೋರ್ಟಿಗೆ ಬರಬೇಡ. ಗೌರಿಯನ್ನೂ ಆವತ್ತು ಕರೆತರಬೇಡ, ಅವಳ ಹೇಳಿಕೆ ಆಗಿಹೋಗಿದೆ. ಊರಿನ ಯಾರೂ ಬಾರದಂತೆ ನೋಡಿಕೋ. ಇದೊಂದು ಮಾತು ನಡೆಸಿಕೊಡು.

ಗಂಗಾಧರ


ತುಮಕೂರು
14 ಡಿಸೆಂಬರ್ 1978, ಸಂಜೆ

ಅಕ್ಕನಿಗೆ,

ಬರಬೇಡ ಎಂದರೂ ನೀನು ಬಂದೆ. ಹಿಂದಿನ ಬೆಂಚಿನಲ್ಲಿ ಕೆಂಪಯ್ಯನವರ ಪಕ್ಕ ನಿನ್ನನ್ನು ನೋಡಿದೆ, ದೊಡ್ಡಣ್ಣನನ್ನೂ ನೋಡಿದೆ. ನಾನು ಕಟಕಟೆಯಿಂದ ಇಳಿಯುವಷ್ಟರಲ್ಲಿ ನೀನು ಹೊರಟುಹೋಗಿದ್ದೆ. ಬಸ್‌ಸ್ಟ್ಯಾಂಡಿನವರೆಗೂ ಓಡಿ ಬಂದೆ. ನೀನು ತಿಪಟೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ, ನನ್ನನ್ನು ನೋಡಿದೆ, ಮುಖ ತಿರುಗಿಸಿಕೊಂಡೆ. ಹೇಳಬೇಕಾದದ್ದನ್ನು ಇಲ್ಲಿನ ಲಾಡ್ಜಿನಲ್ಲಿ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆಯೆಲ್ಲ ಚೆನ್ನಾಗಿಯೇ ನಡೆಯಿತು. ಕೋಷ್ಟಕ, ವಯಸ್ಸು, ಬಡ್ಡಿ, ಜಡ್ಜರು ಒಂದೊಂದನ್ನೂ ಬರೆದುಕೊಂಡರು. ಆಮೇಲೆ ವಿಮೆಯವರ ವಕೀಲ ಎದ್ದ. ಮೃದುವಾದ ಮನುಷ್ಯ. ನಿಮ್ಮ ಜನದಲ್ಲಿ ಉಡಿಕೆ ಇದೆಯೇ ಎಂದ, ಇದೆ ಎಂದೆ. ಸೋದರಮಾವನಿಗೆ ಮೊದಲ ಹಕ್ಕೇ ಎಂದ, ಹೌದು ಎಂದೆ. ನಿಮ್ಮ ಹೆಸರಿನಲ್ಲಿ ವೀಳ್ಯವಾಗಿದೆಯೇ ಎಂದ, ಆಗಿದೆ ಎಂದು ಕೇಳಿದ್ದೇನೆ ಎಂದೆ. ಆಗ ಅವನು ನನ್ನದೇ ಲೆಕ್ಕದ ಹಾಳೆಯನ್ನು ನನ್ನ ಕೈಗೆ ಕೊಟ್ಟ.

"ಈ ಮದುವೆ ನಡೆಯುವ ಸಾಧ್ಯತೆಯನ್ನು ಎಷ್ಟು ಹಿಡಿದಿದ್ದೀರಿ ಸ್ವಾಮಿ?"

"ಸೊನ್ನೆ" ಎಂದೆ.

"ಬದುಕಿರುವ ಮನುಷ್ಯನ ವಿಷಯದಲ್ಲಿ ಸೊನ್ನೆ ಎಂದು ಹೇಳುವ ಆಕ್ಚುಯರಿಯನ್ನು ನಾನು ನೋಡಿಲ್ಲ. ನೀವು ಅವಿವಾಹಿತರು ತಾನೇ?"

ಹೌದು ಎಂದು ಸುಳ್ಳು ಹೇಳಿದ್ದರೆ ಊರಿನಲ್ಲಿ ನಿನ್ನ ಮಾತು ಉಳಿಯುತ್ತಿತ್ತು, ಗೌರಿಯ ಪರಿಹಾರ ಹೋಗುತ್ತಿತ್ತು. ನಿನ್ನ ಕಡೆ ನೋಡಿದೆ. ಅಲ್ಲ ಎಂದು ಹೇಳಿದೆ. ಹೆಂಡತಿಯ ಹೆಸರು ಕೇಳಿದರು, ಜಾತಿ ಕೇಳಿದರು, ದಾಖಲೆ ಕೇಳಿದರು. ಎಲ್ಲವನ್ನೂ ಒಂದೊಂದಾಗಿ ನಿನ್ನ ಎದುರಿಗೇ ಹೇಳಬೇಕಾಯಿತು.

ಅವಳ ಹೆಸರು ಸುಮನ್. ಮರಾಠಿಯವಳು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. ಮದುವೆಯಾಗಿ ಐದು ವರ್ಷವಾಯಿತು, ಒಬ್ಬ ಮಗನಿದ್ದಾನೆ. ಪ್ರತಿ ಸಲ ಊರಿಗೆ ಬಂದಾಗಲೂ ಹೇಳಬೇಕು ಎಂದೇ ಬರುತ್ತಿದ್ದೆ. ನೀನು ಗೌರಿಯ ವಿಷಯದಲ್ಲಿ ನನ್ನ ಮೇಲೆ ಇಟ್ಟಿದ್ದ ಆಸೆ ಗೊತ್ತಿತ್ತು. ಅವಳನ್ನು ತೋಂಟದಾರ್ಯನಿಗೆ ಕೊಟ್ಟ ಮೇಲೂ ಆ ಮುನಿಸು ನಿನ್ನ ಕಣ್ಣಲ್ಲಿತ್ತು. ನೀನು ನನ್ನ ಜೊತೆ ಮಾತು ಬಿಟ್ಟರೆ ಈ ಲೋಕದಲ್ಲಿ ನನಗೆ ತವರು ಎಂದು ಏನೂ ಉಳಿಯುವುದಿಲ್ಲ ಎಂದು ಹೆದರಿದೆ.

ಸಾಕ್ಷಿ ನಿಂತಿತು, ಪರಿಹಾರಕ್ಕೆ ಇನ್ನು ಅಡ್ಡಿಯಿಲ್ಲ ಎನ್ನುತ್ತಾರೆ ಶ್ರೀರಂಗಯ್ಯನವರು. ತೀರ್ಪು ಬರಲು ಒಂದೆರಡು ತಿಂಗಳು ಹಿಡಿಯಬಹುದು. ಕೊನೆಯಲ್ಲಿ ನನ್ನ ಮನೆಯ ವಿಳಾಸ ಬರೆದಿದ್ದೇನೆ. ಬೈದಾದರೂ ಒಂದು ಕಾಗದ ಹಾಕು.

ಗಂಗಾಧರ


ಹಾಲ್ಕುರಿಕೆ
27 ಡಿಸೆಂಬರ್ 1978

ಶ್ರೀಯುತ ಗಂಗಾಧರಯ್ಯನವರಿಗೆ,

ತಮ್ಮ ಕಾಗದ ತಲುಪಿತು. ತಾವು ಸತ್ಯ ಹೇಳಿದಿರಿ, ಬಹಳ ಸಂತೋಷ. ಅದನ್ನು ಜಡ್ಜರಿಗೆ ಹೇಳುವ ಮೊದಲು ನನಗೆ ಹೇಳಬಹುದಾಗಿತ್ತು. ನಾನು ಲಕ್ಷ ಜನರಲ್ಲಿ ಒಬ್ಬಳಲ್ಲ.

ಕೋರ್ಟಿನಿಂದ ಬರುವಾಗ ಬಸ್ಸಿನಲ್ಲಿ ಕೆಂಪಯ್ಯನವರು ಬೇರೆ ಸೀಟಿಗೆ ಹೋಗಿ ಕೂತರು. ಮರುದಿನ ಬಂದರು. ಹೆಂಡತಿ ಇರುವವನ ಹೆಸರಿನಲ್ಲಿ ವೀಳ್ಯ ತೆಗೆದುಕೊಂಡು ಊರಿಗೆ ಮೋಸ ಮಾಡಿದೆ ಎಂದು ನನ್ನ ಮೇಲೆ ತಪ್ಪು ಹೊರಿಸಿದ್ದಾರೆ. ನನಗೂ ಗೊತ್ತಿರಲಿಲ್ಲ ಎಂದು ಅತ್ತರೂ ಯಾರೂ ನಂಬಲಿಲ್ಲ. ಒಡಹುಟ್ಟಿದ ಅಕ್ಕನಿಗೇ ಗೊತ್ತಿಲ್ಲವೇ ಎಂದು ನಕ್ಕರು.

ಸೋದರಮಾವನ ಹಕ್ಕು ಬಿದ್ದುಹೋಯಿತು. ಸಂಕ್ರಾಂತಿ ಕಳೆದ ಗುರುವಾರ ಬೋರಯ್ಯನ ಕಡೆಯವರು ಬರುತ್ತಾರೆ. ಮಗುವನ್ನು ಆವತ್ತೇ ತುರುವೇಕೆರೆಗೆ ಕಳಿಸಬೇಕು ಎಂದು ತೀರ್ಮಾನವಾಗಿದೆ. ತೀರ್ಪು ಬರುವ ತನಕ ತಡೆಯಿರಿ ಎಂದು ಗೌರಿಯೇ ಬಾಗಿಲಿಗೆ ಬಂದು ಕೈಮುಗಿದಳು. ನಿನ್ನ ಮನೆಯವರ ಮಾತು ಎಷ್ಟು ಸಲ ನಂಬೋದು ಎಂದರು.

ತಾವು ಕೊಡಿಸಿದ ಪರಿಹಾರ ಬರುವ ಹೊತ್ತಿಗೆ ಅವಳು ಹುಳಿಯಾರಿನಲ್ಲಿರುತ್ತಾಳೆ. ಆ ಸಾಧ್ಯತೆಯನ್ನು ಎಷ್ಟು ಹಿಡಿದಿದ್ದಿರಿ?

ಹೊಂಬಾಳಮ್ಮ


ಮುಂಬಯಿ
5 ಜನವರಿ 1979

ಅಕ್ಕ,

ನೀನು ನನ್ನನ್ನು ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ತಾವು ಎಂದು ಬರೆಯಬೇಡ.

ಆ ಸಾಧ್ಯತೆ ನನ್ನ ಲೆಕ್ಕದಲ್ಲಿ ಇರಲಿಲ್ಲ. ನಾನು ನಿಜ ಹೇಳಿದ್ದರಿಂದಲೇ ಅವಳಿಗೆ ಬಲವಂತದ ಮದುವೆಯಾಗುತ್ತದೆ ಎಂದು ಯಾವ ಕೋಷ್ಟಕ ಹೇಳುತ್ತದೆ? ಹಗಲೂ ರಾತ್ರಿ ಅದೇ ತಲೆಯಲ್ಲಿದೆ.

ಒಪ್ಪದ ಹೆಣ್ಣಿಗೆ ಉಡಿಕೆ ಮಾಡಿಸುವುದು ಅಪರಾಧ ಎಂದು ತಿಪಟೂರಿನ ಪೊಲೀಸರಿಗೆ ದೂರು ಕೊಡು. ತಡೆಯಾಜ್ಞೆ ಸಿಗುತ್ತದೆಯೇ ಎಂದು ಶ್ರೀರಂಗಯ್ಯನವರಿಗೆ ತಂತಿ ಕೊಟ್ಟಿದ್ದೇನೆ, ಕಲೆಕ್ಟರಿಗೂ ಬರೆದಿದ್ದೇನೆ. ಮಠದ ಹಿರಿಯರಿಂದ ಕೆಂಪಯ್ಯನವರಿಗೆ ಒಂದು ಮಾತು ಹೇಳಿಸಲು ಆಗುತ್ತದೆಯೇ ನೋಡು. ಹೇಗಾದರೂ ಮಾಡಿ ಫೆಬ್ರವರಿ ತನಕ ತಳ್ಳು. ನನಗೆ ಈಗ ರಜೆ ಕೊಡುವುದಿಲ್ಲ ಎನ್ನುತ್ತಿದ್ದಾರೆ. ಕೇಳಿ ನೋಡುತ್ತಿದ್ದೇನೆ. ಏನು ಮಾಡಬೇಕೆಂದು ತೋಚುತ್ತಿಲ್ಲ.

ಗಂಗಾಧರ


ಹಾಲ್ಕುರಿಕೆ
16 ಜನವರಿ 1979

ಗಂಗಾಧರ,

ಪೊಲೀಸರು ಇದು ನಿಮ್ಮ ನಿಮ್ಮೊಳಗಿನ ವಿಷಯ, ಕೂತು ಬಗೆಹರಿಸಿಕೊಳ್ಳಿ ಎಂದು ಕಳಿಸಿದರು. ಶ್ರೀರಂಗಯ್ಯನವರು ತಡೆಯಾಜ್ಞೆಗೆ ಹದಿನೈದು ದಿನ ಬೇಕು ಎಂದರು. ನಮಗಿರುವುದು ಎರಡು ದಿನ.

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಪೊಲೀಸರು, ಕಲೆಕ್ಟರು, ಮಠ, ಎಲ್ಲರ ಹೆಸರೂ ಇದೆ. ಅವಳನ್ನು ನನ್ನ ಮನೆಗೆ ಕಳಿಸು ಎಂಬ ಒಂದು ಮಾತು ಮಾತ್ರ ಇಲ್ಲ. ಜಾಗ ಚಿಕ್ಕದಿರಬಹುದು. ಹೆಂಡತಿಯನ್ನು ಕೇಳಲು ಅಂಜಿಕೆಯಿರಬಹುದು, ಅಂಜುವುದು ನಿನಗೆ ಹೊಸದೇನೂ ಅಲ್ಲ. ನೀನು ಕರೆಯಲಿ ಎಂದು ಕಾದರೆ ಮಗು ಕೈಬಿಟ್ಟು ಹೋಗುತ್ತದೆ. ಅದಕ್ಕೇ ಕೇಳದೆ ಕಳಿಸುತ್ತಿದ್ದೇನೆ. ತಿಪಟೂರಿನ ಕೊಬ್ಬರಿ ಮಂಡಿಯ ಗುಮಾಸ್ತರ ಸಂಸಾರ ಮುಂಬಯಿಗೆ ಹೊರಟಿದೆ. ಅವರ ಜೊತೆ ಗೌರಿಯನ್ನೂ ಸಿದ್ದಿಯನ್ನೂ ರೈಲು ಹತ್ತಿಸುತ್ತೇನೆ. ಊರಿನಲ್ಲಿ ಯಾರಿಗೂ ಗೊತ್ತಿಲ್ಲ.

ಅವಳು ನಿನ್ನ ಮನೆಯಲ್ಲಿದ್ದಾಳೆ ಎಂದು ತಿಳಿದರೆ ಮಾವನ ಜೊತೆಗೇ ಉಡಿಕೆಯಾಯಿತು ಎನ್ನುತ್ತಾರೆ. ವಿಮೆಯವರ ವಕೀಲ ಅದನ್ನೂ ಕೋರ್ಟಿಗೆ ತರಬಹುದು. ಆಗ ನಿನ್ನ ಹೆಂಡತಿ ತುಮಕೂರಿಗೆ ಬಂದು, ಇವನು ನನ್ನ ಗಂಡ, ಅವಳು ನನ್ನ ಮನೆಯ ಮಗಳು ಎಂದು ಸಾಕ್ಷಿ ಹೇಳಬೇಕಾಗುತ್ತದೆ. ಹೇಳುತ್ತಾಳೋ ಇಲ್ಲವೋ ಈಗಲೇ ಕೇಳಿಡು.

ನಾನು ಅವಳನ್ನು ಒಪ್ಪಿದೆ ಎಂದು ತಿಳಿಯಬೇಡ. ಐದು ವರ್ಷ ನೀನು ನನ್ನಿಂದ ಬಚ್ಚಿಟ್ಟದ್ದು ಇನ್ನೂ ಹೊಟ್ಟೆಯಲ್ಲಿ ಉರಿಯುತ್ತಿದೆ. ಆದರೆ ನನ್ನ ಮಗಳನ್ನೂ ಅವಳ ಮಗುವನ್ನೂ ಒಟ್ಟಿಗೆ ಸೇರಿಸಿಕೊಳ್ಳುವ ಇನ್ನೊಂದು ಮನೆ ಈ ಭೂಮಿಯ ಮೇಲೆ ನನಗೆ ಗೊತ್ತಿಲ್ಲ. ಮರಾಠಿಯವಳಾದರೇನು, ಅವಳೂ ಒಂದು ಮಗುವನ್ನು ಹೆತ್ತಿದ್ದಾಳೆ.

ಗುರುವಾರ ಅವರು ಬಂದಾಗ ಮನೆಯಲ್ಲಿ ನಾನೊಬ್ಬಳೇ ಇರುತ್ತೇನೆ. ಏನು ಹೇಳಬೇಕೆಂದು ಇನ್ನೂ ಯೋಚಿಸಿಲ್ಲ. ಕುಲದಿಂದ ಹೊರಗೆ ಹಾಕುತ್ತಾರೆ, ಹಾಕಲಿ. ಭಯವಾಗುತ್ತಿದೆ, ಆದರೂ ಅದು ನನ್ನ ಪಾಡು.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ಗೌರಿಯ ಕೈಯಲ್ಲೇ ಕೊಡುತ್ತೇನೆ. ನೀನು ಇದನ್ನು ಓದುತ್ತಿದ್ದೀಯ ಎಂದರೆ ಅವಳು ಮಗುವನ್ನು ಎತ್ತಿಕೊಂಡು ನಿನ್ನ ಬಾಗಿಲಲ್ಲಿ ನಿಂತಿದ್ದಾಳೆ. ಓದಿದ್ದು ಸಾಕು, ಒಳಗೆ ಕರೆ.

ಅಕ್ಕ